ಪರೀಕ್ಷೆ ಮಾಡಿದ ತಿಂಗಳೂ ವರದಿಯಲ್ಲಿರಲಿ

ಶಾಲಾ ಮಕ್ಕಳ ಶ್ರವಣ ತಪಾಸಣೆಯಲ್ಲಿ ನಾನು ಹಾಳೆಯ ಮೇಲ್ತುದಿಯಲ್ಲೇ ತಿಂಗಳು ಬರೆಯುತ್ತೇನೆ, ಪಕ್ಕದಲ್ಲಿ ನೆಗಡಿ ಎಷ್ಟು ದಿನದಿಂದ ಎಂದು. ಚಿಕ್ಕವರಲ್ಲಿ ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯೂಸ್ಟೇಶಿಯನ್ ನಾಳ ಗಿಡ್ಡ, ಇಳಿಜಾರೂ ಕಡಿಮೆ. ಮಳೆ, ಚಳಿಯ ನೆಗಡಿಗೆ ಅದು ಊದಿಕೊಂಡರೆ ನಡುಗಿವಿಗೆ ಗಾಳಿ ಹೋಗದೆ ನೀರು ನಿಲ್ಲುತ್ತದೆ. ಹೆಚ್ಚಾಗಿ ನೋವೂ ಇಲ್ಲ, ಸೋರಿಕೆಯೂ ಇಲ್ಲ. ಸುಮಾರು 25–30 ಡೆಸಿಬೆಲ್ ಮಟ್ಟಕ್ಕೆ ಶ್ರವಣ ಕುಗ್ಗಿರುತ್ತದೆ. ಅಂಥ ಮಗು ಮೇಷ್ಟ್ರ ಕಣ್ಣಿಗೆ ಪಾಠ ಕೇಳದ ಮಗು.

ಮೊದಲು ಓಟೋಸ್ಕೋಪ್, ಅಂದರೆ ಕಿವಿಯೊಳಗೆ ನೋಡುವ ದೀಪದ ಉಪಕರಣ. ಗುಗ್ಗೆ ತುಂಬಿದ್ದರೆ ಮುಂದಿನದೆಲ್ಲ ವ್ಯರ್ಥ. ಒದ್ದೆ ಕಾಗದದಂಥ ಪದರದ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಮಳೆಗಾಲದ ಬೂಷ್ಟು. ಪ್ರೋಬ್ (ಕಿವಿಯೊಳಗಿಡುವ ಯಂತ್ರದ ತುದಿ) ಹಾಕದೆ ಇಎನ್‌ಟಿ ವೈದ್ಯರಲ್ಲಿಗೆ ಕಳಿಸುತ್ತೇನೆ, ಎಣ್ಣೆ ಬಿಡಬೇಡಿ ಎಂದು ಹೇಳಿಯೇ.

ಆಮೇಲೆ 226 ಹರ್ಟ್ಜ್ ಟಿಂಪ್ಯಾನೋಮೆಟ್ರಿ, ಅಂದರೆ ಕಿವಿನಾಳದ ಗಾಳಿಯೊತ್ತಡ ಬದಲಿಸುತ್ತ ಕಿವಿ ಪರದೆಯ ಅಲುಗಾಟವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ; ಒತ್ತಡ +200ರಿಂದ −400 ಡೆಕಾಪ್ಯಾಸ್ಕಲ್. ಆರು ತಿಂಗಳೊಳಗಿನ ಕೂಸಿಗಾದರೆ 1000 ಹರ್ಟ್ಜ್ ಬೇಕು. ಗೆರೆ ಚಪ್ಪಟೆ ಬಂದ ಕೂಡಲೇ ‘ನೀರು’ ಎಂದು ಬರೆಯುವುದೇ ದೊಡ್ಡ ತಪ್ಪು. ಕಿವಿನಾಳದ ಗಾತ್ರ ನೋಡಿ: 0.2 ಮಿಲಿಲೀಟರ್ ಬಂದರೆ ಪ್ರೋಬ್ ತುದಿ ಗೋಡೆಗೆ ಒತ್ತಿದೆ ಅಥವಾ ಗುಗ್ಗೆ ಅಡ್ಡವಿದೆ, ತೆಗೆದು ಮತ್ತೆ ಹಾಕಬೇಕು. 0.4–0.9 ಇದ್ದರೆ ನೀರಿನ ಅನುಮಾನ. 2ರ ಹತ್ತಿರ ಹೋದರೆ ಪರದೆ ತೂತಾಗಿರಬಹುದು. ಬೆಳಿಗ್ಗೆ 2 ಮಿಲಿಲೀಟರ್ ಕ್ಯಾವಿಟಿಯಲ್ಲಿ (ಅಳತೆ ಗೊತ್ತಿರುವ ಪೊಳ್ಳಿನಲ್ಲಿ) ಯಂತ್ರವನ್ನು ಪರೀಕ್ಷಿಸದಿದ್ದರೆ ಈ ಲೆಕ್ಕಕ್ಕೆಲ್ಲ ಬೆಲೆಯಿಲ್ಲ.

ಕೊನೆಗೆ ಶ್ರವಣ ಅಳೆಯುವ ಆಡಿಯೋಮೀಟರಿನಲ್ಲಿ 1000, 2000, 4000 ಹರ್ಟ್ಜ್, 20 ಡೆಸಿಬೆಲ್. 500 ಕೂಡ ಸೇರಿಸಿದರೆ ಒಳ್ಳೆಯದು, ಆದರೆ ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಅದು ಕೇಳಿಸುವುದೇ ಇಲ್ಲ. ಹೆಡ್‌ಫೋನ್ ಮೊದಲು ನಾನೇ ಹಾಕಿಕೊಳ್ಳುತ್ತೇನೆ; ನನಗೇ ಕೇಳದಿದ್ದರೆ ಮಳೆ ನಿಲ್ಲುವವರೆಗೆ ಕಾಯುವುದೇ.

ನೀರಿನ ಗೆರೆ ಬಂದ ಮಗುವಿಗೆ ಮೂರು ತಿಂಗಳ ನಂತರ ಮರುಪರೀಕ್ಷೆ: ಜುಲೈನವರಿಗೆ ಅಕ್ಟೋಬರ್, ಡಿಸೆಂಬರಿನವರಿಗೆ ಮಾರ್ಚ್. ಹೆಚ್ಚಿನವರದು ಅಷ್ಟರಲ್ಲಿ ಇಳಿದಿರುತ್ತದೆ. ಎರಡೂ ಕಿವಿಯಲ್ಲಿ ಉಳಿದಿದ್ದರೆ ಗ್ರೊಮೆಟ್ (ಗಾಳಿಯಾಡಲು ಪರದೆಯಲ್ಲಿಡುವ ಪುಟ್ಟ ಕೊಳವೆ) ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಮಾತು ತಡವಾದ ಮಗು, ಸೀಳಂಗುಳ, ಸೋರುವ ಕಿವಿ, ಇವರನ್ನು ಮಾತ್ರ ಕಾಯಿಸಬಾರದು. ದಿಢೀರನೆ ಕಿವಿ ಕೇಳದಾದರೆ ಅದನ್ನು ಶೀತದ ಲೆಕ್ಕಕ್ಕೆ ಹಾಕಬಾರದು, ಅಂದೇ ತೋರಿಸಬೇಕು.

ಶ್ರವಣಯಂತ್ರ ಹಾಕಿಕೊಂಡ ಮಕ್ಕಳ ಅಮ್ಮಂದಿರು ಮಳೆ ಹಿಡಿದ ಮೇಲೆ ‘ಯಂತ್ರ ಸರಿ ಕೇಳ್ತಿಲ್ಲ’ ಎನ್ನುತ್ತಾರೆ. ತಕ್ಷಣ ಧ್ವನಿ ಏರಿಸಬೇಡಿ. ಕೊಳವೆಯಲ್ಲಿ ತೇವದ ಹನಿ ಇದೆಯೇ ನೋಡಿ, ಊದಿ ಒಣಗಿಸಿ, ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿಡಲು ಹೇಳಿ. ಅದಕ್ಕೂ ಸರಿಹೋಗದಿದ್ದರೆ ಟಿಂಪ್ಯಾನೋಮೆಟ್ರಿ ಮಾಡಿ. ಹಳೆಯ ನರದ ದೋಷದ ಮೇಲೆ ಋತುವಿನ ನೀರೂ ಸೇರಿಕೊಂಡಿರಬಹುದು.