ಹಳೇ ಸ್ಪೋರ್ಟ್ಸ್ ಕಾರ್ಡ್ ಬಾಕ್ಸ್ ತಗೊಳೋ ಮುಂಚೆ ಸೀಲ್ ನೋಡೋದು ಕಲೀರಿ

ಆಟಗಾರರ ಫೋಟೋ ಇರೋ ಕಾರ್ಡುಗಳ ಪ್ಯಾಕು ತುಂಬಿದ, ಇನ್ನೂ ಒಡೆಯದ ಹಳೇ ಬಾಕ್ಸ್ ತಗೊಳೋರಿಗೆ ಈ ಮಾತು. ಮೊದ್ಲು ಯಾವ ಸೆಟ್, ಅಂದ್ರೆ ಯಾವ ಕಂಪನಿ ಯಾವ ವರ್ಷ ತಂದ ಕಾರ್ಡುಗಳು ಬೇಕು ಅಂತ ತೀರ್ಮಾನ ಮಾಡ್ಕೊಳಿ, ಕಂಡಿದ್ದಕ್ಕೆಲ್ಲ ಕೈ ಹಾಕ್ಬೇಡಿ. ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. 1980ರ ದಶಕದ ಕೊನೆ, 90ರ ಶುರುವಲ್ಲಿ ಅಮೆರಿಕದ ಕಂಪನಿಗಳು ಬೇಸ್‌ಬಾಲ್ ಕಾರ್ಡನ್ನ ಸಿಕ್ಕಾಪಟ್ಟೆ ಪ್ರಿಂಟ್ ಮಾಡಿದ್ವು, ಜಂಕ್ ವ್ಯಾಕ್ಸ್ ಅಂತಾರಲ್ಲ ಅದೇ (ಪ್ಯಾಕಿಗೆ ಸುತ್ತೋ ಮೇಣದ ಕಾಗದದಿಂದ ಬಂದ ಹೆಸರು ವ್ಯಾಕ್ಸ್), ಈಗ್ಲೂ ಬೇಕಾದಷ್ಟು ಸಿಗ್ತವೆ. ಆದ್ರೆ ಕಲಿಯೋಕೆ ಅದಕ್ಕಿಂತ ಒಳ್ಳೇದಿಲ್ಲ, ಅಗ್ಗದ್ದೊಂದು ವ್ಯಾಕ್ಸ್ ಬಾಕ್ಸ್ ತಗೊಂಡು ನೀವೇ ಒಡೆದು ನೋಡಿ, ಯಾರೂ ಮುಟ್ಟದ ಪ್ಯಾಕಿನ ಮಡಿಕೆ ಹೇಗಿರುತ್ತೆ ಅಂತ ಕಣ್ಣಿಗೆ, ಬೆರಳಿಗೆ ರೂಢಿ ಆಗ್ಲಿ.

ದೊಡ್ಡ ದುಡ್ಡಿನ ಬಾಕ್ಸಲ್ಲೇ ಮೋಸ ಜಾಸ್ತಿ. ಫ್ಲೀರ್ ಕಂಪನಿಯ 1986-87ರ ಬ್ಯಾಸ್ಕೆಟ್‌ಬಾಲ್ ಸೆಟ್ಟನ್ನೇ ಉದಾಹರಣೆಗೆ ತಗೊಳಿ, ಬಾಕ್ಸಿಗೆ 36 ಪ್ಯಾಕ್, ಪ್ಯಾಕಿಗೆ 12 ಕಾರ್ಡು, ಜೊತೆಗೊಂದು ಸ್ಟಿಕರ್, ಇಡೀ ಸೆಟ್ಟಲ್ಲಿರೋದೇ 132 ಕಾರ್ಡು, ಲೆಕ್ಕ ಹಾಕಿದ್ರೆ ಬಾಕ್ಸಿಗೆ ಸರಾಸರಿ ಮೂರು ಮೈಕಲ್ ಜೋರ್ಡನ್ ರೂಕಿ, ಅಂದ್ರೆ ಆಟಗಾರನ ಶುರುವಿನ ಕಾರ್ಡು. ಪ್ಯಾಕ್ ಬಿಚ್ಚಿ ಜೋರ್ಡನ್ ತೆಗೆದು ಮತ್ತೆ ಅಂಟಿಸೋಕೆ ಇಷ್ಟು ಸಾಕಲ್ವಾ.

ಇನ್ನು ಸೀಲ್ ವಿಷ್ಯ. ಟಾಪ್ಸ್ ಕಂಪನಿಯ ಹಳೇ ವ್ಯಾಕ್ಸ್ ಬಾಕ್ಸ್‌ಗಳು ಫ್ಯಾಕ್ಟರಿಯಿಂದ ಪ್ಲಾಸ್ಟಿಕ್ ಸುತ್ಕೊಂಡು ಬರ್ತಿರ್ಲಿಲ್ಲ, ಬರೀ ರಟ್ಟಿನ ಮುಚ್ಚಳ ಅಷ್ಟೇ. ಹಾಗಾಗಿ ಮೇಲೆ ಮಿರಮಿರ ಅನ್ನೋ ಪ್ಲಾಸ್ಟಿಕ್ ಇದೆ ಅನ್ನೋದು ಯಾವುದಕ್ಕೂ ಸಾಕ್ಷಿ ಅಲ್ಲ, ನೋಡ್ಬೇಕಾಗಿರೋದು ಒಳಗಿನ ಪ್ಯಾಕನ್ನ. ವ್ಯಾಕ್ಸ್ ಪೇಪರನ್ನ ಹಿಂದ್ಗಡೆ ಮಡಚಿ ಬಿಸಿ ಕೊಟ್ಟು ಅಂಟಿಸಿರ್ತಾರೆ. ಅಲ್ಲಿ ಎರಡೆರಡು ಮಡಿಕೆ ಗೆರೆ ಕಂಡ್ರೆ, ಪೇಪರ್ ಹರಿದಂಗಿದ್ರೆ, ಅಂಟಿನ ಹೊಳಪು ಕಂಡ್ರೆ, ಮೇಣ ಬೇಕಿಲ್ಲದ ಕಡೆ ಹರಡಿದ್ರೆ ಬಿಟ್ಬಿಡಿ. 36 ಪ್ಯಾಕೂ ಹಿಂದ್ಗಡೆಯಿಂದ ಫೋಟೋ ಕೇಳಿ, ಕೊಡಲ್ಲ ಅಂದೋರ ಹತ್ರ ವ್ಯಾಪಾರನೇ ಬೇಡ. ಸೆಲ್ಲೋ ಪ್ಯಾಕಲ್ಲಿ, ಅಂದ್ರೆ ಪಾರದರ್ಶಕ ಹಾಳೆ ಸುತ್ತಿದ ಪ್ಯಾಕಲ್ಲಿ, ಮೇಲಿನ, ಕೆಳಗಿನ ಕಾರ್ಡು ಕಾಣ್ಸುತ್ತೆ, ಹಾಗಾಗಿ ದೊಡ್ಡ ಸ್ಟಾರೇ ಮೇಲಿದ್ರೆ ರೇಟು ಏರುತ್ತೆ, ನಕಲಿನೂ ಅಲ್ಲೇ ಜಾಸ್ತಿ, ಎರಡು ಪಟ್ಟು ಅನುಮಾನ ಇಟ್ಕೊಳಿ.

ಬಾಕ್ಸ್ ಪರೀಕ್ಷೆ ಮಾಡಿ ತಮ್ಮದೇ ಹೆಸರಿನ ಪ್ಲಾಸ್ಟಿಕ್ ಸುತ್ತಿ ಕೊಡೋದ್ರಲ್ಲಿ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಅನ್ನೋ ಕಂಪನಿ ಹೆಸರುವಾಸಿ, ಬಿಬಿಸಿಇ ಅಂತಾರೆ, ಬಿಡಿ ಪ್ಯಾಕಿಗೆ ಪಿಎಸ್‌ಎ ಅನ್ನೋ ಇನ್ನೊಂದು ಕಂಪನಿ ಗುಣಮಟ್ಟ ನೋಡಿ ಗ್ರೇಡ್ ಕೊಡುತ್ತೆ, 10 ಅಂದ್ರೆ ಅತಿ ಹೆಚ್ಚು. ಸೀಲ್ ಆಗಿದ್ದ ಕೇಸಿಂದಲೇ (ಹಲವು ಬಾಕ್ಸ್ ತುಂಬಿದ ದೊಡ್ಡ ಪೆಟ್ಟಿಗೆ) ತೆಗೆದ ಬಾಕ್ಸ್ ಅಂತ ಲೇಬಲ್ ಇದ್ರೆ ಬೆಲೆನೂ ಜಾಸ್ತಿ, ನನ್ನ ಪ್ರಕಾರ ಆ ಜಾಸ್ತಿ ಕೊಡೋದು ಸರಿನೇ. ಆದ್ರೂ ಸರ್ಟಿಫಿಕೇಟ್ ಒಂದೇ ನಂಬ್ಕೊಂಡು ಕೂರ್ಬೇಡಿ, ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟಿದ್ದ ಪೋಕೆಮಾನ್ ಕಾರ್ಡಿನ ಕೇಸ್ ಅಸಲಿ ಅಂತ ಸರ್ಟಿಫೈ ಆಗಿದ್ದೇ, 2022ರಲ್ಲಿ ಒಡೆದ್ರೆ ಒಳಗಿದ್ದಿದ್ದು ಜಿ.ಐ. ಜೋ ಕಾರ್ಡು. ಮಾಲು ಎಲ್ಲಿಂದ ಬಂತು, ಇಷ್ಟು ವರ್ಷ ಯಾರ ಹತ್ರ ಇತ್ತು ಅಂತ ಕೇಳೋದು ಅದಕ್ಕೇ. ಕೆನಡಾದ ಸಸ್ಕಾಚೆವಾನ್‌ನ ಒಂದು ಮನೇಲಿ ಸಿಕ್ಕಿ 2024ರಲ್ಲಿ ಹರಾಜಾದ ಓ-ಪೀ-ಚೀ ಕಂಪನಿಯ 1979-80ರ ಐಸ್ ಹಾಕಿ ಕಾರ್ಡಿನ ಕೇಸ್, 16 ಬಾಕ್ಸಿಂದು, ಹಾಕಿ ಸ್ಟಾರ್ ವೇಯ್ನ್ ಗ್ರೆಟ್ಸ್ಕಿ ರೂಕಿ ಬರೋ ಸೆಟ್ಟು, 37 ಲಕ್ಷ ಡಾಲರ್ ದಾಟಿತು.

ತಗೊಂಡ್ಮೇಲೆ ಬಿಸಿಲು, ತೇವ, ಸೆಕೆ ಮೂರರಿಂದಲೂ ದೂರ ಇಡಿ, ಸೆಕೆಗೆ ಮೇಣ ಮೆತ್ತಗಾಗುತ್ತೆ. ಅಕ್ರಿಲಿಕ್ ಕೇಸಲ್ಲಿಡಿ, ಒಂದರ ಮೇಲೊಂದು ಭಾರ ಹೇರ್ಬೇಡಿ. ಒಡೆಯೋ ಆಸೆ ಆದ್ರೆ ಒಂದು ನೆನಪಿರ್ಲಿ, ಟಾಪ್ಸ್ ಪ್ಯಾಕಲ್ಲಿ 1991ರವರೆಗೂ ಬಬಲ್ ಗಮ್ ಇರ್ತಿತ್ತು, ಅದು ತಾಗಿದ ಕಾರ್ಡಿಗೆ ಕಲೆ ಆಗಿರುತ್ತೆ, ಮೇಣ ಹತ್ತಿದ್ದೂ ಇರುತ್ತೆ, ಒಳಗಿರೋದೆಲ್ಲ ಗ್ರೇಡ್ 10 ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ.