ಟೈಯಿಂಗ್ ಕಾನೂನುಗಳನ್ನು ನಾನು ಹೋಲಿಸಿದ್ದು ಹೀಗೆ

ಒಂದು ಉತ್ಪನ್ನ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತೇ ಟೈಯಿಂಗ್. ಅಮೆರಿಕ, ಯುರೋಪ್, ಭಾರತ ಮೂರೂ ಕಡೆ ಇದರ ಕಾನೂನು ಏನು ಹೇಳುತ್ತದೆ ಎಂದು ಟಿಪ್ಪಣಿ ಬರೆಯಬೇಕಿತ್ತು. ಸೆಕ್ಷನ್‌ಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಎಲ್ಲ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿ ತೀರ್ಪಿಗೂ ಒಂದೇ ಪ್ರಶ್ನೆ ಹಾಕಿದೆ: ಸ್ಪರ್ಧೆಗೆ ಹಾನಿಯಾಗಿದೆ ಎಂದು ತೋರಿಸಲೇಬೇಕಾ?

ಅಮೆರಿಕದ ಉತ್ತರ ವಿಚಿತ್ರ. ಜೆಫರ್ಸನ್ ಪ್ಯಾರಿಶ್ ಎಂಬ ಆಸ್ಪತ್ರೆಯ ಕೇಸಿನ 1984ರ ತೀರ್ಪಿನ ಪ್ರಕಾರ, ಎರಡೂ ಉತ್ಪನ್ನಕ್ಕೆ ಪ್ರತ್ಯೇಕ ಬೇಡಿಕೆ ಇದ್ದು, ಮಾರುವವರಿಗೆ ಮಾರುಕಟ್ಟೆ ಬಲವೂ ಇದ್ದರೆ, ಹಾನಿ ತೋರಿಸದಿದ್ದರೂ ಟೈಯಿಂಗ್ ತನ್ನಷ್ಟಕ್ಕೇ ಅಕ್ರಮವಾಗಬಹುದು. ಆದರೆ ಅಲ್ಲಿ ಆಸ್ಪತ್ರೆಗಿದ್ದ ಸುಮಾರು ಶೇ. 30ರ ಮಾರುಕಟ್ಟೆ ಪಾಲು ಅಂಥ ಬಲ ಎನ್ನಲು ಕೋರ್ಟಿಗೆ ಸಾಲಲಿಲ್ಲ. 2001ರ ಮೈಕ್ರೋಸಾಫ್ಟ್ ಬ್ರೌಸರ್ ಕೇಸಿನಲ್ಲಿ ಮೇಲ್ಮನವಿ ಕೋರ್ಟು ವಿಂಡೋಸ್‌ನಂಥ ಪ್ಲಾಟ್‌ಫಾರ್ಮ್ ಸಾಫ್ಟ್‌ವೇರ್‌ಗೆ ಈ ಕಟ್ಟುನಿಟ್ಟಿನ ನಿಯಮ ಬೇಡ, ಲಾಭ-ನಷ್ಟ ತೂಗಿ ನೋಡಿ ಎಂದಿತು.

ಯುರೋಪಿನಲ್ಲಿ ಮೊದಲು ಮಾರುವವರಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇದೆಯೆಂದು ಸಾಬೀತಾಗಬೇಕು. ಅದೇ ಮೈಕ್ರೋಸಾಫ್ಟ್, ಈ ಸಲ ವಿಂಡೋಸ್ ಜೊತೆ ಕಟ್ಟಿದ್ದು ಮೀಡಿಯಾ ಪ್ಲೇಯರ್. 2004ರಲ್ಲಿ ಯುರೋಪಿಯನ್ ಆಯೋಗ ಇದು ಪ್ರತಿಸ್ಪರ್ಧಿಗಳಿಗೆ ದಾರಿ ಮುಚ್ಚುತ್ತಿದೆಯೇ ಎಂದೂ ನೋಡಿತು. ಪ್ಲೇಯರ್ ಇಲ್ಲದ ವಿಂಡೋಸ್ ಕೂಡ ಮಾರಿ ಎಂದು ಆದೇಶಿಸಿತು. ಬೆಲೆ ಎರಡಕ್ಕೂ ಒಂದೇ, ಕೊಳ್ಳುವವರೇ ಇರಲಿಲ್ಲ ಎನ್ನಬಹುದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಲಿಯಬೇಕಾದದ್ದು ಇಲ್ಲೇ ಜಾಸ್ತಿ ಇದೆ. ಬಿಡಿಸಿ ಮಾರಿ ಎಂದರೆ ಸಾಲದು, ಬೆಲೆಯೂ ಬೇರೆಯಾಗಬೇಕು ಅಲ್ವಾ?

ಭಾರತದಲ್ಲಿ ಎರಡು ಬಾಗಿಲು. ಸ್ಪರ್ಧಾ ಕಾಯ್ದೆ, 2002ರ ಸೆಕ್ಷನ್ 3(4) ಹಿಡಿದರೆ ಸ್ಪರ್ಧೆಯ ಮೇಲೆ ಗಣನೀಯ ಕೆಟ್ಟ ಪರಿಣಾಮ ತೋರಿಸಲೇಬೇಕು. ಸೆಕ್ಷನ್ 4 ಪ್ರಾಬಲ್ಯದ ದುರುಪಯೋಗದ್ದು, ಅದರಲ್ಲಿ ಆ ಮಾತೇ ಇಲ್ಲ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳನ್ನು ಒಟ್ಟಾಗಿ ಹಾಕಿಸಿದ್ದಕ್ಕೆ ಸ್ಪರ್ಧಾ ಆಯೋಗವಾದ ಸಿಸಿಐ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ ಕೇಸಿನಲ್ಲಿ, ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ದಂಡ ಉಳಿಸಿಕೊಂಡೇ ಸೆಕ್ಷನ್ 4ಕ್ಕೂ ಪರಿಣಾಮದ ಪರಿಶೀಲನೆ ಬೇಕು ಎಂದಿತು. ಸೆಕ್ಷನ್ ಮಾತ್ರ ಓದಿದವರಿಗೆ ಇದು ಸಿಗುವುದೇ ಇಲ್ಲ.

ರಿಯಾಯಿತಿ ಕೊಟ್ಟು ಒಟ್ಟಿಗೆ ಮಾರುವ ಬಂಡ್ಲಿಂಗ್‌ಗೆ ಬೇರೆ ಹಾಳೆ ಇಟ್ಟೆ. ಅಲ್ಲಿ ಬಲವಂತಕ್ಕಿಂತ ಬೆಲೆ ಮತ್ತು ವೆಚ್ಚದ ಲೆಕ್ಕ ಮುಖ್ಯ. ಈಗ ಯಾವ ಒಪ್ಪಂದ ಕೈಗೆ ಬಂದರೂ ಮೊದಲು ಹುಡುಕುವುದು ಪ್ರತಿ ಉತ್ಪನ್ನದ ಪ್ರತ್ಯೇಕ ಬೆಲೆ ಬರೆದ ಸಾಲನ್ನು.