ನಾಟಕ ಬರೆದಿದ್ದೀರಾ? ಸಹಿ ಹಾಕುವ ಮುಂಚೆ ಇಷ್ಟು ತಿಳಿದಿರಲಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಜಾತ್ರೆ ಬಂತೆಂದರೆ ಪೌರಾಣಿಕ ನಾಟಕ ಬೇಕೇ ಬೇಕು. ಪಾತ್ರಧಾರಿಗೆ ಹಾರ ಬೀಳುತ್ತದೆ, ಹಾರ್ಮೋನಿಯಂ ಮೇಷ್ಟ್ರಿಗೆ ಸಂಭಾವನೆ ಸಿಗುತ್ತದೆ. ಮಾತು, ಪದ (ಹಾಡು) ಬರೆದವರಿಗೆ ಎಷ್ಟೋ ಸಲ ಹೆಸರೂ ಇಲ್ಲ, ದುಡ್ಡೂ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ನಿಮ್ಮದು ಯಾವುದು ಅಂತ ತಿಳಿಯಿರಿ. ಕುರುಕ್ಷೇತ್ರದ ಕಥೆ ಯಾರ ಸ್ವತ್ತೂ ಅಲ್ಲ. ದುರ್ಯೋಧನನ ಬಾಯಲ್ಲಿ ನೀವು ಆಡಿಸಿದ ಮಾತು, ನೀವು ಕಟ್ಟಿದ ಪದ ನಿಮ್ಮದು. ಸಿನಿಮಾ ಹಾಡಿನ ಧಾಟಿಗೆ ಬರೆದಿದ್ದರೆ ಸಾಹಿತ್ಯವಷ್ಟೇ ನಿಮ್ಮದು, ಆ ಧಾಟಿಗೆ ಅನುಮತಿ ಬೇಕು.

1957ರ ಕಾಪಿರೈಟ್ (ಕೃತಿಸ್ವಾಮ್ಯ) ಕಾಯ್ದೆ ಪ್ರಕಾರ ಬರೆದಾಗಲೇ ಹಕ್ಕು ಬಂತು. ಬರೆದವರ ಆಯಸ್ಸು ಮುಗಿದ ಮೇಲೂ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ, ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಕಾಪಿರೈಟ್ ಕಚೇರಿಯ ವೆಬ್‌ಸೈಟಿನಲ್ಲಿ ಅರ್ಜಿ, ನಾಟಕಕ್ಕೆ ಶುಲ್ಕ 500 ರೂಪಾಯಿ. ಇದಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರ ಹತ್ತಿರ ಹೋಗಲೇಬೇಡಿ. ಸಾಕ್ಷಿಗೆಂದು ಹಸ್ತಪ್ರತಿಯನ್ನು ತನಗೇ ಪೋಸ್ಟ್ ಮಾಡಿಕೊಳ್ಳುವ ಉಪಾಯ ಹೇಳುವವರೂ ಇದ್ದಾರೆ. ಅದು ನೋಂದಣಿಗೆ ಸಮ ಅಲ್ಲ.

ಎಲ್ಲರೂ ಎಡವುವುದು ಸಹಿ ಹಾಕುವಾಗ. 'ಅಣ್ಣಾ, ಪುಸ್ತಕ ಮಾಡ್ತೀವಿ, ಇಲ್ಲೊಂದು ಸೈನ್ ಹಾಕಿ' ಅನ್ನುತ್ತಾರೆ. ಡಿಟಿಪಿ ಅಂಗಡಿಯ ರೆಡಿಮೇಡ್ ಕರಾರಿನಲ್ಲಿ 'ಸಕಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ' ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ಹೊಡೆದು ಹಾಕಿಸಿ. ಅಚ್ಚು ಹಾಕುವುದು, ಆಡುವುದು, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆ ಬೇರೆ ಹಕ್ಕು. ಪುಸ್ತಕಕ್ಕೆ ಒಪ್ಪಿದರೆ 'ಪುಸ್ತಕಕ್ಕೆ ಮಾತ್ರ' ಎಂದು ಬರೆಸಿ. ಎಷ್ಟು ವರ್ಷ, ಯಾವ ಊರುಗಳಿಗೆ, ಎಷ್ಟು ದುಡ್ಡು, ಯಾವಾಗ ಕೊಡುತ್ತಾರೆ, ಎಲ್ಲವೂ ಕಾಗದದಲ್ಲಿ ಇರಲಿ. ಹಕ್ಕು ವರ್ಗಾಯಿಸುವ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ, ಜಾಗ ಬರೆಯದಿದ್ದರೆ ಇಡೀ ಭಾರತ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ. ಬಾಯಿಮಾತಿನ ವರ್ಗಾವಣೆ ನಡೆಯುವುದಿಲ್ಲ. ನಾನಂತೂ ಹಕ್ಕು ಮಾರಲೇಬೇಡಿ ಅನ್ನುತ್ತೇನೆ. ಒಂದು ತಂಡ, ಒಂದು ಹಂಗಾಮು, ಇಷ್ಟು ಪ್ರದರ್ಶನ ಅಂತ ಬರೆದು ಪರವಾನಗಿ ಕೊಡಿ, ಸಾಕು.

ಹಕ್ಕು ಮಾರಿದರೂ ಬರೆದವರು ನೀವೇ ಎಂದು ಹೇಳಿಕೊಳ್ಳುವ ಅಧಿಕಾರ ಉಳಿಯುತ್ತದೆ. ಕರಪತ್ರದಲ್ಲಿ ಹೆಸರು ಹಾಕಿ ಅಂತ ಕೇಳೋಕೆ ಸಂಕೋಚ ಯಾಕೆ?

ಕದ್ದರೆ ಮೊದಲು ವಕೀಲರಿಂದ ನೋಟಿಸ್ ಕೊಡಿಸಿ. ಬೇಕೆಂದೇ ಕದ್ದಿದ್ದು ಸಾಬೀತಾದರೆ 3 ವರ್ಷದವರೆಗೂ ಜೈಲು, 2 ಲಕ್ಷದವರೆಗೂ ದಂಡ ಆಗಬಹುದು. ದಾವೆಯನ್ನು ನೀವು ವಾಸವಿರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು. ಕದ್ದವರು ಬೆಂಗಳೂರಿನವರಾದರೂ ತುಮಕೂರಿಗೇ ಬರಬೇಕು.